ಓಡಾಟ ಬೇರೆ, ಓಟ ಬೇರೆ

ಒದ್ದೆ ಗೋಣಿಯಲ್ಲಿ ಕಟ್ಟಿಟ್ಟ ರೇಷ್ಮೆ ಸೊಪ್ಪಿಗೆ ಒಂದು ವಾಸನೆಯಿದೆ. ಅದು ಹಸಿ ಹುಲ್ಲಿನದಲ್ಲ, ತೊಳೆದ ತರಕಾರಿಯದೂ ಅಲ್ಲ. ಎರಡರ ನಡುವೆ ಒಂದು ತೊಟ್ಟು ಹಾಲು ಬೆರೆತಂತಿರುತ್ತದೆ. ಮುಳಬಾಗಿಲಿನಲ್ಲಿ ನಾನು ಚಿಕ್ಕವಳಿದ್ದಾಗ ಪಕ್ಕದ ಮನೆಯವರು ಹಜಾರದಲ್ಲಿ ರೇಷ್ಮೆ ಹುಳು ಸಾಕುತ್ತಿದ್ದರು. ಸೊಪ್ಪಿನ ಹೊರೆ ಹೊತ್ತ ಹೆಂಗಸು ಬೆಳಿಗ್ಗೆ ನಮ್ಮ ಬಾಗಿಲು ದಾಟಿಹೋದ ಎಷ್ಟೋ ಹೊತ್ತಿನವರೆಗೆ ಆ ವಾಸನೆ ಬೀದಿಯಲ್ಲಿ ಉಳಿದಿರುತ್ತಿತ್ತು. ಹೊರೆಯ ಕೆಳಗೆ ಅವಳ ಮುಖ ಮಾತ್ರ ಕಾಣುತ್ತಿರಲಿಲ್ಲ.

ಬೈರಕೂರಿನ ಹತ್ತಿರ ಅಶ್ವತ್ಥಪ್ಪನವರ ತೋಟದಲ್ಲಿ ಈಗ ಬೆಳಕು ಹರಿಯುತ್ತಿದೆ. ಅದೇ ವಾಸನೆ. ಈ ಸಲ ಮುಖವೂ ಕಾಣುತ್ತದೆ. ಮುನಿಗಂಗಮ್ಮ ಬಗ್ಗಿ ಸೊಪ್ಪಿನ ಕಡ್ಡಿ ಕೊಯ್ಯುತ್ತಿದ್ದಾರೆ. ಸೀರೆಯ ಮೇಲೆ ಗಂಡನ ಹಳೆಯ ತುಂಬುತೋಳಿನ ಶರ್ಟು, ತಲೆಗೆ ಟವೆಲು. ಕೆಲಸ ಈಗಷ್ಟೇ ಶುರುವಾಗಿದೆ, ಆದರೂ ಶರ್ಟಿನ ಬೆನ್ನು ಆಗಲೇ ಬೆವರಿನಿಂದ ಒದ್ದೆ. ಬದುವಿನ ಕಲ್ಲಿನ ಮೇಲೆ ನೀಲಿ ಬಣ್ಣದ ಒಂದು ಜೊತೆ ಓಟದ ಬೂಟುಗಳಿವೆ. ಗಂಡಸರ ಬೂಟು.

ಅವು ಅವರದೇ. ಸೊಪ್ಪಿಗೆ ಕೈ ಹಾಕುವ ಮೊದಲು ದಿನವೂ ಅವರು ಊರಾಚೆಯ ಡಾಂಬರು ರಸ್ತೆಯಲ್ಲಿ ಹುಣಸೆ ಮರಗಳವರೆಗೆ ಓಡಿ ಬರುತ್ತಾರೆ.

ಮುನಿಗಂಗಮ್ಮನಿಗೆ ನಲವತ್ತಾರು ವರ್ಷ. ಮದುವೆಯಾಗಿ ಬಂದ ವರ್ಷದಿಂದ ಸೊಪ್ಪಿನ ಕೂಲಿ. ಬಿಸಿಲೇರಿದರೆ ಎಲೆ ಬಾಡುತ್ತದೆ, ಬಾಡಿದ್ದನ್ನು ಹುಳು ಮುಟ್ಟುವುದಿಲ್ಲ. ಆದ್ದರಿಂದ ಇಬ್ಬನಿ ಆರುವ ಮೊದಲೇ ಕೊಯ್ದು, ಗೋಣಿ ಸುತ್ತಿ, ತಲೆಯ ಮೇಲೆ ಹೊತ್ತು ಹುಳುಮನೆಗೆ ತರಬೇಕು. ಸಂಜೆಗೆ ಇನ್ನೊಂದು ಸುತ್ತು. ಹುಳು ಪೊರೆ ಬಿಡುವುದಕ್ಕೆ ಇಲ್ಲಿ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರದಿಂದ ಎದ್ದ ಹುಳುಗಳಿಗೆ ತಿನ್ನುವುದೊಂದೇ ಕೆಲಸ, ಆಗ ಹೊರುವವರಿಗೆ ಕೂರಲು ಪುರುಸೊತ್ತಿಲ್ಲ. ಮದುವೆ ಮನೆಯಲ್ಲಿ ನಾವು ಒಬ್ಬರ ಸೀರೆಯನ್ನು ಇನ್ನೊಬ್ಬರು ಮುಟ್ಟಿ ನೋಡಿ ಬೆಲೆ ಊಹಿಸುತ್ತೇವೆ. ಆ ಸೀರೆ ಯಾರ ತಲೆಯ ಮೇಲೆ ಹಸಿರು ಹೊರೆಯಾಗಿ ಹೊರಟಿತು ಎಂದು ಕೇಳಿದವರನ್ನು ನಾನು ನೋಡಿಲ್ಲ.

ಇಷ್ಟು ದುಡಿಯುವ ಮೈಗೆ ಕಾಯಿಲೆ ಬರುವುದಿಲ್ಲ ಎಂದು ಅವರೂ ನಂಬಿದ್ದರು. ಹೋದ ವರ್ಷ ಊರಿನ ಶಾಲೆಯಲ್ಲಿ ರಕ್ತ ಪರೀಕ್ಷೆ ಮಾಡಿದಾಗ ಸಕ್ಕರೆ ಕಾಯಿಲೆ ಇರುವುದು ಗೊತ್ತಾಯಿತು. ಆರೋಗ್ಯ ಕೇಂದ್ರದ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮಾತ್ರೆ ಬರೆದು, ಮೊದಲು ಬಿರುಸಾಗಿ ನಡೆಯಿರಿ, ಆಮೇಲೆ ನಿಧಾನವಾಗಿ ಓಡುವುದಕ್ಕೂ ನೋಡಿ ಎಂದರಂತೆ. ಬೆಳಗಿನಿಂದ ರಾತ್ರಿಯವರೆಗೆ ಓಡಾಡ್ತಾನೇ ಇರ್ತೀನಲ್ಲ ತಾಯಿ ಎಂದು ಮುನಿಗಂಗಮ್ಮ ನಕ್ಕರು. ಡಾಕ್ಟರು ನಗಲಿಲ್ಲ. ಓಡಾಟ ಬೇರೆ, ಓಟ ಬೇರೆ ಎಂದರು.

"ಆ ಮಾತು ತಲೆಯೊಳಗೆ ಕೂತ್ಕೊಂಡ್ಬಿಡ್ತು ಅಮ್ಮ" ಎನ್ನುತ್ತಾರೆ, ಕುಡುಗೋಲು ನಿಲ್ಲಿಸದೆ. "ಹುಳಕ್ಕೆ ಅಂತ ಓಡಾಡಿದೆ, ಮನೆಗೆ ಅಂತ ಓಡಾಡಿದೆ. ನನಗೆ ಅಂತ ಒಂದಿನಾನೂ ಓಡಿರ್ಲಿಲ್ಲ. ನಮ್ಮಮ್ಮನ ಕಾಲು ಇದೇ ಸಕ್ಕರೆಗೆ ಹೋಗಿದ್ದು. ಆಮೇಲೆ ಮಂಚದಿಂದ ಇಳೀಲೇ ಇಲ್ಲ. ನಾನು ಆ ಮಂಚಕ್ಕೆ ಸಿಗಲ್ಲ."

ಹಾಗೆ ಅವರು ನಸುಕಿನಲ್ಲಿ ಎದ್ದು ರಸ್ತೆಗೆ ಇಳಿದರು, ಕಾಲಲ್ಲಿ ಹವಾಯಿ ಚಪ್ಪಲಿ. ಊರು ಸುಮ್ಮನಿರಲಿಲ್ಲ. ಆಂಧ್ರದ ಗಡಿಗೆ ಹತ್ತಿರವಾದ ಈ ಕಡೆ ತೆಲುಗು ಬಾರದವರಿಲ್ಲ, ಚುಚ್ಚುವ ಮಾತಿಗಂತೂ ಎಲ್ಲರೂ ತೆಲುಗಿಗೇ ಹೋಗುತ್ತಾರೆ. ಜೊತೆಯಲ್ಲೇ ಸೊಪ್ಪು ಕೊಯ್ಯುವ ಶಾಮಲಮ್ಮ ಒಂದು ದಿನ ಹಾಲಿನ ಡೇರಿಯ ಮುಂದೆ ನಿಂತು, ಮುನಿಗಂಗಮ್ಮ ‘ಲೇಚಿಪೋಯಿಂದಿ’ ಎಂದರು. ಅಕ್ಷರ ಹಿಡಿದು ನೋಡಿದರೆ ‘ಎದ್ದು ಹೋದಳು’ ಎಂದಷ್ಟೇ. ಬೆಳಿಗ್ಗೆ ಎದ್ದು ಹೋಗಿದ್ದಂತೂ ನಿಜವೇ. ಆದರೆ ಗಂಡನನ್ನು ಬಿಟ್ಟು ಇನ್ನೊಬ್ಬನ ಜೊತೆ ಓಡಿಹೋದವಳಿಗೂ ಜನ ಅನ್ನುವುದು ಅದೇ ಮಾತು. ಕ್ಯಾನು ಹಿಡಿದು ನಿಂತವರೆಲ್ಲ ನಕ್ಕರು. ಸಂಜೆಯ ಹೊತ್ತಿಗೆ ಟೀ ಅಂಗಡಿಯಲ್ಲಿ ಅವರ ಗಂಡ ಕೋದಂಡರಾಮಪ್ಪನವರ ಕಿವಿಗೂ ಅದು ಬಿತ್ತು.

ಕೋದಂಡರಾಮಪ್ಪ ಮಾವಿನ ಕಾಲದಲ್ಲಿ ಶ್ರೀನಿವಾಸಪುರದ ಮಂಡಿಗಳಲ್ಲಿ ಹಣ್ಣು ತುಂಬುತ್ತಾರೆ, ಉಳಿದ ದಿನ ಸಿಕ್ಕ ಕೆಲಸ. ಮಾತು ಕಡಿಮೆ. ಹೆಂಡತಿಗೆ ಬೈಯಲಿಲ್ಲ. ಒಂದಷ್ಟು ದಿನ ನಿಲ್ಲಿಸು, ಜನ ಮರೀಲಿ ಎಂದರು. ಜನ ಮರೆಯುವುದರೊಳಗೆ ನನ್ನ ಕಾಲು ನನ್ನನ್ನು ಮರೆಯುತ್ತದೆ ಎಂದು ಮುನಿಗಂಗಮ್ಮ ಮಾರನೆಯ ದಿನವೂ ಹೊರಟರು.

ಅವರನ್ನು ನಿಲ್ಲಿಸಲು ನೋಡಿದ್ದು ಕಾಲಿನ ಮಂಡಿ. ಚಪ್ಪಲಿಯಲ್ಲಿ ಓಡಿ ಮಂಡಿ ಊದಿತು. ಬೇರೆ ಯಾರೇ ಆದರೂ ನೋವಿನ ಮುಲಾಮು ತಿಕ್ಕಿಕೊಂಡು ಕೆಲಸಕ್ಕೆ ಹೋಗುತ್ತಿದ್ದರು. ಹುಳುಮನೆಯ ಕೆಲಸದವರಿಗೆ ಅದಿಲ್ಲ. ಹುಳುವಿಗೆ ಘಾಟು ಆಗದು. ಬೀಡಿ ಸೇದಿದವರು ಬಾಗಿಲಿನಲ್ಲೇ ನಿಲ್ಲಬೇಕು, ಊದುಬತ್ತಿ ಹಚ್ಚುವಂತಿಲ್ಲ, ಸುಣ್ಣದ ನೀರಿನಲ್ಲಿ ಕಾಲು ತೊಳೆಯದೆ ಹೊಸಿಲು ದಾಟುವಂತಿಲ್ಲ. ಮುಲಾಮಿನ ವಾಸನೆ ಹೊತ್ತು ಒಳಗೆ ಹೋದರೆ ಹುಳುವಿನ ಇಡೀ ಬೆಳೆ ಕೈಕೊಡಬಹುದೆಂಬ ಭಯ. ಕುಂಟುತ್ತ ಆರೋಗ್ಯ ಕೇಂದ್ರಕ್ಕೆ ಬಂದವರ ಚಪ್ಪಲಿಯನ್ನು ಡಾಕ್ಟರು ಕೈಯಲ್ಲೇ ಹಿಡಿದು ತಿರುಗಿಸಿ ನೋಡಿ, ಕಾಲಿಗೆ ಸರಿಯಾದ ಬೂಟು ತೆಗೆದುಕೊಳ್ಳಿ, ಇಲ್ಲದಿದ್ದರೆ ಓಟ ಬಿಡಿ ಎಂದರು. ರೋಗಿಯ ಚಪ್ಪಲಿ ಕೈಯಲ್ಲಿ ಹಿಡಿದ ಡಾಕ್ಟರನ್ನು ತಾನು ಮೊದಲ ಸಲ ಕಂಡದ್ದು ಎಂದು ಮುನಿಗಂಗಮ್ಮ ಎರಡು ಸಲ ಹೇಳುತ್ತಾರೆ.

ಬೈರಕೂರಿನಿಂದ ಮುಳಬಾಗಿಲು, ಅಲ್ಲಿಂದ ಕೋಲಾರ. ಗಂಡನೂ ಜೊತೆಗೆ ಬಂದರು. ಕೋಲಾರದ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ಕದಿರೇಶ ಎಂಬವರು ಓಡುವವರ ಬೂಟುಗಳನ್ನಷ್ಟೇ ಮಾರುವ ಪುಟ್ಟ ಅಂಗಡಿ ಇಟ್ಟಿದ್ದಾರೆ. ಪೊಲೀಸ್ ಆಯ್ಕೆಗೆ ಓಡಿ ತಯಾರಾಗುವ ಹುಡುಗರು ಮಾಲೂರಿನಿಂದಲೂ ಬರುತ್ತಾರೆ. ಸೀರೆಯುಟ್ಟವರು ಒಳಗೆ ಬಂದಾಗ ಮಗನಿಗೋ, ಮಗಳಿಗೋ ಎಂದು ಕದಿರೇಶ ವಾಡಿಕೆಯಂತೆ ಕೇಳಿದರು. ನನಗೇ ಎಂದರು ಮುನಿಗಂಗಮ್ಮ. ತಮ್ಮ ಸೊಪ್ಪಿನ ಕೂಲಿ, ಸಕ್ಕರೆ ಕಾಯಿಲೆ, ಡಾಕ್ಟರ ಮಾತು ಎಲ್ಲ ಹೇಳಿದರು.

ಚಪ್ಪಲಿಯನ್ನು ಅವರು ಹೊರಗೇ ಬಿಟ್ಟಿದ್ದರು. ಕದಿರೇಶ ನೆಲದ ಮೇಲೆ ಕುಳಿತು ಅಳತೆಗೆಂದು ಕಾಲಿಗೆ ಕೈ ಚಾಚಿದಾಗ, ಗಂಡಸು ಕಾಲು ಮುಟ್ಟುವುದೇ ಎಂದು ಮುನಿಗಂಗಮ್ಮ ಹಿಂದಕ್ಕೆಳೆದುಕೊಂಡರು. ನಿಮಗೆ ಸೊಪ್ಪು ಕೊಯ್ಯುವುದು ಹೇಗೋ ಹಾಗೆ ನನಗೆ ಕಾಲು ನೋಡುವುದೇ ಕೆಲಸ ಎಂದು ಕದಿರೇಶ ಕೈಕಟ್ಟಿ ಕಾದರು. ಕೊನೆಗೆ ಕಾಲು ಮುಂದೆ ಬಂತು.

ಒಂದು ಬೂಟು ಕೊಟ್ಟರೆ ಮುನಿಗಂಗಮ್ಮ ಅದಕ್ಕಿಂತ ಚಿಕ್ಕದು ಕೇಳಿದರು, ಆಮೇಲೆ ಇನ್ನೂ ಚಿಕ್ಕದು. ಬಳೆ ಅಂಗಡಿಯಲ್ಲಿ ಹೆಬ್ಬೆರಳನ್ನು ಒಳಗೆ ಮಡಿಸಿ ಕೈ ಚಿಕ್ಕದು ಮಾಡಿ ಕೊಡುತ್ತೇವಲ್ಲ, ಹಾಗೆಯೇ ಕಾಲ್ಬೆರಳುಗಳನ್ನೆಲ್ಲ ಒತ್ತಿ ಮಡಿಸಿ, ಹಲ್ಲು ಕಚ್ಚಿ ಅದರೊಳಗೆ ತೂರಿಸಿದರು. ಕಷ್ಟಪಟ್ಟು ಏರಿದ್ದೇ ಒಳ್ಳೆಯ ಅಳತೆ, ಸಲೀಸಾಗಿ ಹೋದದ್ದು ಜಾರಿ ಒಡೆಯುತ್ತದೆ. ಬಳೆಯಿಂದ ಕಲಿತ ಲೆಕ್ಕ ಅದು. ಬಿಗಿಯಾಗಿದೆ, ಇದೇ ಇರಲಿ ಎಂದು ಅವರು ಖುಷಿಯಿಂದ ಎದ್ದು ನಿಂತದ್ದನ್ನು ಕದಿರೇಶ ಈಗಲೂ ನೆನೆಯುತ್ತಾರೆ.

"ಅಮ್ಮಾ, ಇದು ಬಳೆ ಅಲ್ಲ" ಎಂದರಂತೆ ಅವರು. "ಬೆರಳು ಬಿಡಿ, ಹರಡ್ಕೊಳ್ಳಲಿ. ಸಕ್ಕರೆ ಇರೋ ಕಾಲು, ಒಂದು ಗುಳ್ಳೆ ಎದ್ರೂ ನಿಮಗೇ ತೊಂದ್ರೆ."

ಬೆರಳು ಬಿಟ್ಟರೆ ಇನ್ನೊಂದು ಕಷ್ಟ. ಕಾಲುಂಗುರ. ತವರಿನವರು ಮಾಡಿಸಿಕೊಟ್ಟ ದಪ್ಪನೆಯ ಬೆಳ್ಳಿ. ಹೆಂಗಸರ ಬೂಟು ಯಾವುದನ್ನು ಹಾಕಿದರೂ ಅದು ಪಕ್ಕದ ಬೆರಳಿಗೆ ಒತ್ತುತ್ತದೆ. ಓಡುವಾಗ ತೆಗೆದು ಸೆರಗಿಗೆ ಕಟ್ಟಿಕೊಳ್ಳಿ ಎಂದು ಕದಿರೇಶ ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಊರಿಗೆ ಊರೇ ‘ಎದ್ದು ಹೋದಳು’ ಎನ್ನುತ್ತಿರುವಾಗ ಉಂಗುರವಿಲ್ಲದ ಕಾಲಲ್ಲಿ ರಸ್ತೆಗೆ ಇಳಿದರೆ ಏನಾಗುತ್ತದೆಂದು ಗಂಡ ಹೆಂಡತಿ ಇಬ್ಬರಿಗೂ ಗೊತ್ತು. ಕೋದಂಡರಾಮಪ್ಪ ನೆಲ ನೋಡುತ್ತ, ಇದೆಲ್ಲ ನಮಗಲ್ಲ, ನಡಿ, ಎದ್ದು ಹೋಗೋಣ ಎಂದರು.

"ಆಹಾ, ಎದ್ದು ಹೋಗೋ ಮಾತು ಈಗ ನಿನ್ನ ಬಾಯಲ್ಲೂ ಬಂತಾ?" ಎಂದರು ಮುನಿಗಂಗಮ್ಮ. ಗಂಡನಿಗೆ ನಗು ತಡೆಯಲಾಗಲಿಲ್ಲ. ಆಮೇಲೆ ಮುನಿಗಂಗಮ್ಮ ಅಂಗಡಿಯವರ ಕಡೆ ತಿರುಗಿದರು. "ನೋಡಪ್ಪಾ, ಉಂಗುರ ತೆಗೆದ್ರೆ ಅವರು ಅಂದಿದ್ದು ನಿಜ ಆಯ್ತು ಅಂತಾರೆ. ಓಟ ಬಿಟ್ರೆ ಅವರು ಗೆದ್ದಂಗೆ. ನಾನು ಎರಡೂ ಬಿಡಲ್ಲ. ಈ ಕಾಲು ಹೆಂಗಿದೆಯೋ ಹಂಗೇ ಇರತ್ತೆ. ಇದಕ್ಕೆ ಬೂಟು ಐತಾ, ಇಲ್ವಾ?"

ಕದಿರೇಶ ಒಳಗೆ ಹೋಗಿ ಗಂಡಸರ ಬೂಟುಗಳ ಸಾಲಿನಿಂದ ಈ ನೀಲಿ ಜೊತೆಯನ್ನು ತಂದರು. ಮುಂಭಾಗ ಅಗಲ. ಲಾಡಿಯನ್ನು ಪೂರ್ತಿ ಬಿಚ್ಚಿ, ಬೆರಳಿನ ಹತ್ತಿರದ ತೂತುಗಳನ್ನು ಬಿಟ್ಟು ಮೇಲಿನಿಂದ ಪೋಣಿಸಿದರು. ಉಂಗುರದ ಮೇಲೆ ಭಾರ ಬೀಳದ ಹಾಗೆ. ಗಂಡಸರ ಬೂಟು ಹಾಕಿದರೆ ಏನನ್ನುತ್ತಾರೋ ಎಂದು ಕೋದಂಡರಾಮಪ್ಪ ಇನ್ನೊಮ್ಮೆ ಅಳುಕಿದರು. ಬೂಟಿಗೆ ಗಂಡು ಹೆಣ್ಣು ಏನಿದೆ, ಅಗಲ ಕಿರಿದು ಅಂತ ಇರತ್ತೆ ಅಷ್ಟೆ ಎಂದರು ಹೆಂಡತಿ.

ಓಡಿ ನೋಡದೆ ಕೊಳ್ಳಬಾರದೆಂಬುದು ಆ ಅಂಗಡಿಯ ಪದ್ಧತಿ. ಹುಡುಗರು ಹೊರಗಿನ ರಸ್ತೆಯಲ್ಲೇ ಓಡಿ ನೋಡುತ್ತಾರೆ. ಹಾಡುಹಗಲು, ಆಟೋಗಳು ಸಾಲಾಗಿ ನಿಂತಿದ್ದವು. ಮುನಿಗಂಗಮ್ಮ ಸೆರಗು ಸಿಕ್ಕಿಸಿ, ನೆರಿಗೆ ಎತ್ತಿ ಕಟ್ಟಿ ಓಡಿದರು. ಯಾರೋ ಸಿಳ್ಳೆ ಹಾಕಿದರು. ಅವರು ಮೂಲೆಯವರೆಗೆ ಹೋದರು, ತಿರುಗಿದರು, ಸಿಳ್ಳೆ ಹಾಕಿದವನ ಮುಂದೆಯೇ ವಾಪಸು ಬಂದರು. ಬಂದು ನೋಡಿದರೆ ಗಂಡ ಅಂಗಡಿಯ ಮೆಟ್ಟಿಲ ಮೇಲೆ ಅವರ ಹವಾಯಿ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದು ನಿಂತಿದ್ದರು. ಯಾರಾದರೂ ಎತ್ತಿಕೊಂಡು ಹೋದಾರೆಂದು ಹಿಡಿದುಕೊಂಡೆ ಎಂದು ಆತ ಇವತ್ತಿಗೂ ಸಮಜಾಯಿಷಿ ಕೊಡುತ್ತಾರೆ. ಆ ಸವೆದ ಜೋಡನ್ನು ಯಾರು ಎತ್ತಿಕೊಂಡು ಹೋಗುತ್ತಾರೋ ನನಗೆ ತಿಳಿಯದು. ತನ್ನ ಕೂಲಿಯ ದುಡ್ಡಿನಲ್ಲೇ ಮುನಿಗಂಗಮ್ಮ ಬೂಟು ಕೊಂಡರು.

ಈಗ ಮಂಡಿ ಊದುವುದಿಲ್ಲ. ಸಕ್ಕರೆ ಇಳಿದಿದೆ ಎಂದು ಡಾಕ್ಟರು ಹೇಳಿದ್ದಾರೆ, ಮಾತ್ರೆ ನಿಂತಿಲ್ಲ. ಹೊಸ ರಬ್ಬರಿನ ಘಾಟು ಹುಳುವಿಗೆ ತಾಗದಿರಲಿ ಎಂದು ಅಶ್ವತ್ಥಪ್ಪನವರು ಬೂಟನ್ನು ಹುಳುಮನೆಯ ಹತ್ತಿರ ಬಿಡುವುದಿಲ್ಲ, ಅದಕ್ಕೇ ಅವು ಬದುವಿನ ಕಲ್ಲಿನ ಮೇಲೆ ಕೂರುತ್ತವೆ. ರಾತ್ರಿ ಮಳೆ ಬಂದಿದ್ದರೆ ಆ ಕಲ್ಲನ್ನು ಒರೆಸಿ ಒಣ ಗೋಣಿ ಹಾಸಿಟ್ಟಿರುವವರೂ ಅವರೇ. ಊರು ಆಡಿಕೊಳ್ಳುವುದನ್ನು ಬಿಟ್ಟಿಲ್ಲ. ಹೋದ ವಾರ ಒಬ್ಬರು, ಈ ವಯಸ್ಸಿನಲ್ಲಿ ಯಾವ ಕಪ್ ತರೋಕೆ ಓಡ್ತೀಯಮ್ಮ ಎಂದರಂತೆ. ಮನೆಯಲ್ಲಿ ಟೀ ಕುಡಿಯೋಕೆ ಕಪ್ ಸಾಕಷ್ಟಿವೆ ಎಂದು ಹೇಳಿ ಬಂದರಂತೆ.

ಹುಳುಮನೆಯ ಹೊರಗೆ ಹೊರೆ ಇಳಿಸಿದ ಮೇಲೆ ಹೆಂಗಸರು ಹೊಂಗೆಯ ನೆರಳಲ್ಲಿ ಬುತ್ತಿ ಬಿಚ್ಚುತ್ತಾರೆ. ನಾನು ಶಾಮಲಮ್ಮನ ಪಕ್ಕ ಕುಳಿತು ಆ ತೆಲುಗಿನ ಮಾತಿನ ಬಗ್ಗೆ ಕೇಳುತ್ತೇನೆ. ಆಕೆ ಮುಖ ತಪ್ಪಿಸುವುದಿಲ್ಲ. "ಅಂದಿದ್ದೀನಿ. ಈಗ್ಲೂ ಅಂತೀನಿ. ನಮ್ಮವಳನ್ನ ನಾವು ಅನ್ನದೆ ಇನ್ಯಾರು ಅನ್ಬೇಕು? ಹೊರಗಿನೋರು ಅಂದ್ರೆ ಮಾತ್ರ ಬಿಡಲ್ಲ."

ಮುಂದೇನು ಆಸೆ ಎಂದು ಮುನಿಗಂಗಮ್ಮನನ್ನು ಕೇಳುತ್ತೇನೆ. ಅವರು ಸುಣ್ಣದ ನೀರಿನಿಂದ ಬಿಳುಪಾದ ಕಾಲು ನೀಡಿ ಕುಳಿತು ಯೋಚಿಸುತ್ತಾರೆ.

"ದೊಡ್ಡ ಆಸೆ ಏನಿಲ್ಲ. ಕೂಲಿ ಮಾಡೋಳು ಯಾಕೆ ಓಡಬೇಕು ಅಂತ ಕೇಳ್ತಾರಲ್ಲ, ಆ ಕೇಳೋರ ಬಾಯಿ ಸುಸ್ತಾಗಬೇಕು. ನನ್ನ ಕಾಲು ಸುಸ್ತಾಗಲ್ಲ. ನೋಡೋಣ, ಯಾರು ಮೊದಲು ನಿಲ್ತಾರೋ."

ಇವತ್ತು ಅವರು ಹುಣಸೆ ಮರಗಳನ್ನು ದಾಟಿ ಇನ್ನೂ ಮುಂದಕ್ಕೆ ಓಡಿಬಿಟ್ಟಿದ್ದರು. ಬುತ್ತಿ ಕಟ್ಟಿಕೊಳ್ಳಲು ಹೊತ್ತಿರಲಿಲ್ಲ. ಅದನ್ನು ಅವರು ಜೊತೆಯವರಿಗೆ ಹೇಳಿಲ್ಲ, ಬರಿಗೈಯಲ್ಲಿ ಕುಳಿತಿದ್ದಾರೆ. ಶಾಮಲಮ್ಮ ಯಾರ ಕಡೆಗೂ ನೋಡದೆ ತನ್ನ ಡಬ್ಬಿಯ ಮುಚ್ಚಳ ತಿರುಗಿಸಿ, ಅದರಲ್ಲಿ ಎರಡು ರಾಗಿ ರೊಟ್ಟಿ ಇಟ್ಟು, ಹುಚ್ಚೆಳ್ಳಿನ ಚಟ್ನಿಯನ್ನು ಬೆರಳಿನಿಂದ ಬಳಿದು ಹಾಕಿ, ಮುನಿಗಂಗಮ್ಮನ ಕೈಗೆ ಕೊಡುತ್ತಾರೆ.