ಉಸ್ತಾದರ ದನಿಯಲ್ಲಿ ನಾನು ಕೊಟ್ಟ ಮಾತು

ನನಗೆ ಬರುವ ವಿದ್ಯೆಗಳು ಎರಡು. ಒಂದು, ಮೆಕ್ಯಾನಿಕಲ್ ಡಿಪ್ಲೊಮಾ. ಮೂರು ವರ್ಷದ ಆ ಓದನ್ನು ನಾನು ನಾಲ್ಕು ವರ್ಷ, ರುಚಿ ನೋಡುತ್ತಾ ನಿಧಾನವಾಗಿ ಮುಗಿಸಿದೆ. ಇನ್ನೊಂದು, ಕಂಡವರ ದನಿ ತೆಗೆಯುವುದು. ಸತ್ಯನಾರಾಯಣಪೇಟೆಯ ನಮ್ಮ ಮನೆಯಲ್ಲಿ ಅಪ್ಪ ಸಂಧ್ಯಾವಂದನೆಗೆ ಕೂತು, ಹಿಡಿದ ಮೂಗು ಬಿಡದೆಯೇ ಅಮ್ಮನಿಗೆ ಕಾಫಿ ಹೇಳುತ್ತಿದ್ದ ದನಿ ಎಂಟನೇ ವಯಸ್ಸಿಗೇ ನನಗೆ ಕರಗತವಾಗಿತ್ತು. ಈ ಎರಡನೇ ವಿದ್ಯೆಯೇ ನನ್ನನ್ನು ಒಂದು ರೇಡಿಯೇಟರ್ ಅಂಗಡಿಯಲ್ಲಿ ಕೂಡಿಹಾಕಿದ್ದು. ಮೊದಲನೆಯದು ಬಿಡಿಸಿಕೊಂಡು ಹೋಗುತ್ತದೆ ಅಂತ ಬಹಳ ದಿನ ನಂಬಿದ್ದೆ.

ಆಗ ಅದಿರಿನ ಕಾಲ. ಬಿಳಿ ಅಂಗಿ ತೊಟ್ಟು ಮನೆ ಬಿಟ್ಟವನು ಬಸ್ ನಿಲ್ದಾಣ ಮುಟ್ಟುವಷ್ಟರಲ್ಲಿ ಕೆಂಪಗಾಗುತ್ತಿದ್ದ. ಸಿರುಗುಪ್ಪದಿಂದ ಭತ್ತ ಹೊರುತ್ತಿದ್ದ ಲಾರಿಗಳೂ ಗಣಿಗೆ ಇಳಿದಿದ್ದವು. ತೂಕಕ್ಕಿಂತ ಹೆಚ್ಚು ಹೇರಿಕೊಂಡು, ಮೊದಲ ಗೇರಿನಲ್ಲಿ ನರಳುತ್ತಾ ದಿಬ್ಬ ಹತ್ತಿದ ಲಾರಿ ಕಾಯದೆ ಇರುತ್ತದೆಯೇ? ಎಂಜಿನ್ನಿನ ಬಿಸಿ ನೀರು ರೇಡಿಯೇಟರಿನ ಸಣ್ಣ ಹಿತ್ತಾಳೆ ಕೊಳವೆಗಳಲ್ಲಿ ಇಳಿಯಬೇಕು, ಕೊಳವೆಗಳ ನಡುವಿನ ತೆಳು ತಾಮ್ರದ ರೆಕ್ಕೆಗಳಿಗೆ ಗಾಳಿ ಬಡಿದು ಬಿಸಿ ಹಾರಬೇಕು. ಆದರೆ ಆ ರೆಕ್ಕೆಗಳ ಸಂದಿಯಲ್ಲಿ ಗಾಳಿಗೆ ಬದಲು ಕೆಂಪು ಧೂಳು ಕೂತು, ಎಣ್ಣೆ ಕುಡಿದು, ಇಟ್ಟಿಗೆಯಾಗುತ್ತಿತ್ತು. ಅಂಥ ಇಟ್ಟಿಗೆಗಳನ್ನು ಬಿಚ್ಚಿ ಮತ್ತೆ ರೇಡಿಯೇಟರ್ ಮಾಡುತ್ತಿದ್ದವರು ನಮ್ಮ ಉಸ್ತಾದರು.

ಅರವತ್ತು ದಾಟಿದ ಮನುಷ್ಯ. ಡಿಪ್ಲೊಮಾ ಮುಗಿದ ಮೇಲೆ ನಾನು ಅವರ ಅಂಗಡಿಯಲ್ಲೇ ಕೆಲಸಕ್ಕೆ ಸೇರಿದ್ದೆ. ಅವರ ದನಿ ನೀರು ನಿಂತ ನಲ್ಲಿಯ ಹಾಗೆ: ಮೊದಲು ಒಂದಿಷ್ಟು ಗಾಳಿ, ಆಮೇಲೆ ಮಾತು. ಅದನ್ನು ಕಲಿಯಲು ನನಗೆ ಎರಡು ದಿನ ಸಾಕಾಯಿತು. ಅವರ ಬೆಸುಗೆ ಕಲಿಯಲು ಎರಡು ವರ್ಷ ಸಾಲಲಿಲ್ಲ. ಅವರಿಗೊಂದು ಕಟ್ಟುನಿಟ್ಟಿತ್ತು. ಎಂಥ ದೊಡ್ಡ ಮಾಲೀಕ ಬಂದು ಎಷ್ಟು ದಿನ ಬರುತ್ತದೆ ಎಂದು ಕೇಳಿದರೂ ಗ್ಯಾರಂಟಿ ಕೊಡುತ್ತಿರಲಿಲ್ಲ. "ಸೋರಿದ್ರ ತರ್ರಿ" ಅನ್ನುತ್ತಿದ್ದರು, ಅಷ್ಟೇ.

ಒಂದು ಶುಕ್ರವಾರ ಅವರು ನಮಾಜಿಗೆ ಹೋದಾಗ ಫೋನು ಬಂತು. ಸಿರುಗುಪ್ಪದ ಲಾರಿ ಮಾಲೀಕ. ಮಾತಿಗೊಮ್ಮೆ ತೆಲುಗು ಬೆರೆಸುವ ಆಸಾಮಿ, ಕನ್ನಡದಲ್ಲಿ ಬೈಯಲು ಶುರು ಮಾಡಿ ತೆಲುಗಿನಲ್ಲಿ ಮುಗಿಸುತ್ತಿದ್ದ. ಹೊಸ ಟಿಪ್ಪರಿಗೆ ಗಟ್ಟಿ ರೇಡಿಯೇಟರ್ ಬೇಕು, ಎಷ್ಟು ದಿನ ಬಾಳುತ್ತದೆ ಹೇಳಿ ಎಂದ. ಉಸ್ತಾದರು ಹೊರಗೆ ಹೋಗಿದ್ದಾರೆ ಅನ್ನಬೇಕಾಗಿತ್ತು. ಗಂಟಲಿಗೆ ಒಂದಿಷ್ಟು ಗಾಳಿ ತುಂಬಿಕೊಂಡೆ.

"ಒಂದು ವರ್ಷ ಸೋರಂಗಿಲ್ಲ. ಸೋರಿದ್ರ ನಾ ಬೆಸುಗಿ ರಾಡು ಮುಟ್ಟಂಗಿಲ್ಲ."

ಅವನು ಬಹಳ ಮರ್ಯಾದೆಯಿಂದ ಫೋನಿಟ್ಟ. ನಾನು ಒಬ್ಬನೇ ನಕ್ಕೆ. ಅಂದು ಅಷ್ಟು ಧಾರಾಳವಾಗಿ ನಗಲು ಇನ್ನೊಂದು ಕಾರಣವೂ ಇತ್ತು. ಬೇರೆ ರಾಜ್ಯದ ರೇಡಿಯೇಟರ್ ಕಾರ್ಖಾನೆಯೊಂದು ನನಗೆ ನಕ್ಷೆ ಬರೆಯುವ ಕೆಲಸ ಕೊಟ್ಟಿತ್ತು. ತಿಂಗಳೊಳಗೆ ಬಂದು ಸೇರಿ ಅನ್ನುವ ಪತ್ರ ಅಂಗಿಯ ಜೇಬಿನಲ್ಲೇ ಇತ್ತು. ಹೋಗುವವನು ಏನು ಆಡಿದರೇನು?

ಮರುದಿನ ಮಾಲೀಕ ತನ್ನ ಡ್ರೈವರನ್ನು ಕರೆದುಕೊಂಡು ಬಂದೇಬಿಟ್ಟ. ಕುರುಗೋಡಿನ ಈ ಡ್ರೈವರ್ ತಣ್ಣನೆಯ ಮನುಷ್ಯ, ಹಾರ್ನ್ ಹೊಡೆಯಲೂ ಸಂಕೋಚ ಪಡುತ್ತಿದ್ದ. ಮಾಲೀಕ ಆ ಮಾತನ್ನು ನಾಲ್ಕು ಜನಕ್ಕೆ ಕೇಳುವಂತೆ ತಿರುಗಿ ಹೇಳಿದ. ಇಷ್ಟು ವರ್ಷ ಯಾರಿಗೂ ಕೊಡದ ಗ್ಯಾರಂಟಿ ತನಗೆ ಕೊಟ್ಟಿರಿ ಎಂದು ಉಸ್ತಾದರ ಕೈ ಹಿಡಿದುಕೊಂಡ. ಉಸ್ತಾದರು ನನ್ನ ಕಡೆ ನೋಡಿದರು. ಈ ಮಂಗ ಆಡಿದ್ದು ಅಂತ ಈಗ ಹೇಳುತ್ತಾರೆ, ನಾಲ್ಕು ಬೈಗುಳ ತಿಂದು ಊರು ಬಿಡುತ್ತೇನೆ ಎಂದು ಕಾದೆ.

"ಹೌದ್ರಿ," ಅಂದರು. "ಹೇಳೀನಿ."

ಅವರು ಹೋದ ಮೇಲೆ ಉಸ್ತಾದರು ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ನನ್ನ ದನಿ ತಗೊಂಡಿ. ಅದರ ಭಾರಾನೂ ನೀನ ಹೊರಬೇಕಲೇ," ಅಂದರು. "ವರ್ಷ ಆಗೋ ತನಕ ಎಲ್ಲೂ ಹೋಗಾಂಗಿಲ್ಲ."

ಜೇಬಿನ ಪತ್ರ ಎದೆಗೆ ಚುಚ್ಚಿತು. ತೆಗೆದು ತೋರಿಸಬಹುದಿತ್ತು. ಆದರೆ ಅವರು ಆಗಲೇ ಕುಲುಮೆಯಲ್ಲಿ ಕಾಯಿಸಿ ಬೆಸುಗೆ ಹಾಕುವ ತಮ್ಮ ರಾಡನ್ನು, ಹಿಡಿಯ ಮರ ಅವರ ಬೆರಳಿನ ಆಕಾರಕ್ಕೇ ಸವೆದಿದ್ದ ಆ ರಾಡನ್ನು, ಬಟ್ಟೆಯಲ್ಲಿ ಒರೆಸುತ್ತಾ ಕೂತಿದ್ದರು. ನಾಳೆ ಅದನ್ನು ಮುಟ್ಟದೆ ಹೋದರೆ ಆ ಕೈಗಳು ಏನು ಮಾಡಿಯಾವು ಅಂತ ಹೊಳೆದು, ಪತ್ರ ಅಲ್ಲೇ ಉಳಿಯಿತು.

ಹದಿನೈದು ದಿನದ ಗಡುವು. ಮದುವೆ ಕರೆಯೋಲೆಗಳ ಬೆನ್ನಿನ ಮೇಲೆ ನಕ್ಷೆ ಬರೆದೆ. ನನ್ನ ತಲೆಯಲ್ಲಿ ಗಟ್ಟಿ ಅಂದರೆ ದಪ್ಪ. ಎರಡೂ ಪಕ್ಕಕ್ಕೆ ದಪ್ಪ ಕಬ್ಬಿಣದ ಪಟ್ಟಿ, ಮೇಲೂ ಕೆಳಗೂ ದಪ್ಪ ತಗಡು, ಕೈ ತುಂಬಾ ಬೆಸುಗೆ. ತಯಾರಾದಾಗ ಅದು ರೇಡಿಯೇಟರಿಗಿಂತ ಪೊಲೀಸ್ ಠಾಣೆಯ ಕಿಟಕಿಯ ಹಾಗೆ ಕಾಣುತ್ತಿತ್ತು. ಉಸ್ತಾದರು ಡ್ರಮ್ಮಿನಲ್ಲಿ ನೀರು ಕುದಿಸಿದರು. ಕುದಿ ನೀರು ತುಂಬುವುದು, ಬಸಿಯುವುದು, ತೊಟ್ಟಿಯ ತಣ್ಣೀರು ತುಂಬುವುದು. ದಿನವಿಡೀ ಇದೇ. ಕಾದ ಲಾರಿಗೆ ಡ್ರೈವರುಗಳು ಮಾಡುವುದು ಅದನ್ನೇ ತಾನೆ. ಮೂರನೇ ದಿನ ಅದರ ಬಾಯಿಗಳನ್ನು ಮುಚ್ಚಿ, ತೊಟ್ಟಿಯಲ್ಲಿ ಮುಳುಗಿಸಿ ಗಾಳಿ ಹೊಡೆದೆವು. ನಾಲ್ಕು ಮೂಲೆಗಳಿಂದಲೂ ಗುಳ್ಳೆ ಎದ್ದವು.

"ಕಾಯ್ದಾಗ ಕೊಳವಿ ಮೈ ಚಾಚತೈತಿ," ಉಸ್ತಾದರು ಮೂಲೆಯ ಬಿರುಕಿನ ಮೇಲೆ ಬೆರಳಿಟ್ಟು ಅಂದರು. "ನೀ ಎರಡೂ ಕಡಿ ಕಟ್ಟಿ ಹಾಕೀದಿ. ಎಲ್ಲಿ ಹೋಗಬೇಕದು?"

ಈ ವಿಷಯ ಡಿಪ್ಲೊಮಾದಲ್ಲಿ ಒಂದು ಪಾಠವೇ ಆಗಿತ್ತು. ಪಾಠ ಮಾಡಿದ ಮೇಷ್ಟರ ಕೆಮ್ಮು ನನಗೆ ಇವತ್ತಿಗೂ ಬರುತ್ತದೆ, ಪಾಠ ಬರಲಿಲ್ಲ. ಆ ರಾಶಿಯನ್ನೆಲ್ಲ ಬಿಚ್ಚಿ ಎರಡನೆಯದು ಮಾಡಿದೆವು. ರೆಕ್ಕೆಗಳನ್ನು ದೂರ ದೂರ ಇಟ್ಟೆವು, ಧೂಳು ಕೂತರೂ ತೊಳೆದರೆ ಬಿಡಲಿ ಅಂತ. ಹೆಚ್ಚು ಎಳೆತ ಬೀಳುವ ಅಂಚಿನ ಕೊಳವೆಗಳಿಗೆ ನೀರೇ ಹೋಗದಂತೆ ಬಾಯಿ ಮುಚ್ಚಿದೆವು. ರೇಡಿಯೇಟರ್ ಕೂರುವ ಕಾಲುಗಳ ಕೆಳಗೆ ರಬ್ಬರು. ಕೊನೆಗೆ ಪಕ್ಕದ ಪಟ್ಟಿಗಳನ್ನು ಗರಗಸದಿಂದ ನಟ್ಟನಡುವೆ ಕೊಯ್ದುಬಿಟ್ಟೆ. ಒಂದು ಕಾಗದ ತೂರುವಷ್ಟು ಸಂದಿ, ಅಷ್ಟೇ. ಕಾದಾಗ ಇಡೀ ರೇಡಿಯೇಟರ್ ಅಲ್ಲಿ ಉಸಿರೆಳೆಯುತ್ತಿತ್ತು. ಕುದಿ ನೀರು, ತಣ್ಣೀರು, ಐದು ದಿನ. ಒಂದು ಗುಳ್ಳೆಯೂ ಏಳಲಿಲ್ಲ. ಟಿಪ್ಪರಿಗೆ ಕೂಡಿಸುವಾಗ ಡ್ರೈವರ್ ಆ ಸಂದಿ ನೋಡಿ ಇದೇನು ಎಂದು ಕೇಳಿದ. ನನ್ನ ಸಂಶೋಧನೆಯ ಗುಟ್ಟು ಊರಿಗೆಲ್ಲ ಯಾಕೆ ಎಂದು, ಮಾಲೀಕನ ದನಿಯಲ್ಲಿ ತೆಲುಗು ಬೆರೆಸಿ ಏನೋ ಅಂದು ನಗಿಸಿ ಕಳಿಸಿದೆ.

ಆಮೇಲೆ ಶುರುವಾಯಿತು ನನ್ನ ಸೆರೆವಾಸ. ಅಂಗಡಿ ಹತ್ತು ಹೆಜ್ಜೆ ಉದ್ದ. ಒಂದು ಗೋಡೆಗೆ ತೊಟ್ಟಿ, ಇನ್ನೊಂದಕ್ಕೆ ಕುಲುಮೆ, ಮೇಲೆ ತಗಡು, ನಡುವೆ ಆಸಿಡ್ಡಿನ ವಾಸನೆಯಲ್ಲಿ ನಾನು. ಕಾರ್ಖಾನೆಯ ತಿಂಗಳು ಮುಗಿಯಿತು. ಪತ್ರವನ್ನು ಅಪ್ಪ ಇಸ್ತ್ರಿಗೆ ಹಾಕುವ ಅಂಗಿಯಲ್ಲಿ ಕಂಡು, ಓದಿ, ಮಡಿಸಿ ಪಂಚಾಂಗದೊಳಗೆ ಇಟ್ಟರು. ಮನೆಯಲ್ಲಿ ಕುಕ್ಕರ್ ಸೀಟಿ ಹೊಡೆದರೂ ರೇಡಿಯೇಟರ್ ಸೋರಿತೆಂದು ಎದ್ದು ನಿಲ್ಲುತ್ತಿದ್ದೆ. ವಾರಕ್ಕೊಮ್ಮೆ ಡ್ರೈವರ್ ಕುರುಗೋಡಿಗೆ ಹೋಗುವಾಗ ಅಂಗಡಿ ಮುಂದೆ ನಿಧಾನ ಮಾಡಿ, ಕಿಟಕಿಯಿಂದ ಕೈ ಚಾಚಿ ಎಲ್ಲ ಸರಿ ಎಂದು ಸನ್ನೆ ಮಾಡುತ್ತಿದ್ದ. ಆ ಕೈ ಕಂಡರೆ ಒಂದು ವಾರದ ಶಿಕ್ಷೆ ಕಳೆದ ಹಾಗೆ.

ಹತ್ತನೇ ತಿಂಗಳು ಆ ಕೈ ಹೊರಗೆ ಬರಲಿಲ್ಲ. ಮುಂದಿನ ವಾರ ಟಿಪ್ಪರ್ ನಿಧಾನವನ್ನೂ ಮಾಡಲಿಲ್ಲ. ಬಸ್ಸು ಹತ್ತಿ ಕುರುಗೋಡಿಗೆ ಹೋದೆ. ಡ್ರೈವರನ ಮನೆ ಮುಂದೆ ಟಿಪ್ಪರ್ ನಿಂತಿತ್ತು. ರೇಡಿಯೇಟರಿನ ಮುಚ್ಚಳ ತೆಗೆದೆ. ಒಳಗಿಂದ ದನಕ್ಕೆ ಬೇಯಿಸಿದ ಮುಸುರೆಯ ವಾಸನೆ ಬಂತು.

"ತೌಡು ಹಾಕೀನ್ರಿ," ಅಂದ ಡ್ರೈವರ್, ನೆಲ ನೋಡುತ್ತಾ. "ದಾರದಂಗ ಸೋರಾಕತ್ತಿತ್ತು. ಸಿರುಗುಪ್ಪದ ಮಿಲ್ಲಿಂದ ಎರಡು ಹಿಡಿ ತಂದು ಹಾಕಿದೆ, ನಿಂತತು. ಉಸ್ತಾದರ ಮಾತು ಹೋಗಬಾರದಲ್ರಿ."

ಬೆಂದ ತೌಡು ಬಿರುಕನ್ನೂ ಮುಚ್ಚಿತ್ತು, ಅರ್ಧದಷ್ಟು ಕೊಳವೆಗಳನ್ನೂ ಮುಚ್ಚಿತ್ತು. ಆದರೆ ಬಿರುಕು ಬಿಟ್ಟಿದ್ದಾದರೂ ಯಾಕೆ? ಬಗ್ಗಿ ಪಕ್ಕದ ಪಟ್ಟಿ ನೋಡಿದೆ. ಸಂದಿ ಇರಲಿಲ್ಲ. ಅದರ ಜಾಗದಲ್ಲಿ ದಪ್ಪ, ಅಚ್ಚುಕಟ್ಟಾದ ವೆಲ್ಡಿಂಗ್ ಇತ್ತು. ಪಟ್ಟಿ ಮುರಿದಿದೆ ಎಂದು ತಿಳಿದು, ಸುದ್ದಿ ಉಸ್ತಾದರಿಗೆ ಮುಟ್ಟಿದರೆ ನೊಂದುಕೊಳ್ಳುತ್ತಾರೆಂದು, ಡ್ರೈವರನೇ ತನ್ನ ಊರಿನಲ್ಲಿ ವೆಲ್ಡ್ ಮಾಡಿಸಿಬಿಟ್ಟಿದ್ದ. ಎರಡೂ ಸಲ ಅವನು ನಮ್ಮ ಒಳ್ಳೆಯದಕ್ಕೇ ಮಾಡಿದ್ದು. ಊರಿನ ಅರ್ಧ ಜನರ ದನಿ ಬರುವ ನನಗೆ, ಅವನು ಕೇಳಿದ ದಿನ ನನ್ನ ದನಿಯಲ್ಲಿ ಒಂದು ವಾಕ್ಯ ಹೇಳಲು ಬರಲಿಲ್ಲ.

ರೇಡಿಯೇಟರನ್ನು ಅಂಗಡಿಗೆ ತಂದು ವಾದ ಮಾಡಿದೆ. ತಪ್ಪು ನಮ್ಮದಲ್ಲ, ಸಂದಿ ಮುಚ್ಚಿದ್ದಕ್ಕೆ ಸೋರಿತು, ಇದು ಲೆಕ್ಕಕ್ಕೆ ಬರುವುದಿಲ್ಲ ಎಂದೆ. ಉಸ್ತಾದರು ತೌಡನ್ನು ಬೆರಳಲ್ಲಿ ತೆಗೆದು ಮೂಸಿದರು.

"ಯಾರಾರ ವೆಲ್ಡ್ ಮಾಡಿದ್ರ ಸೋರತೈತಿ ಅಂತ ಹೇಳಿದ್ನೇನಲೇ? ಸೋರಂಗಿಲ್ಲ ಅಂತ ಹೇಳೀನಿ."

ತಾವೇ ಮಾಲೀಕನಿಗೆ ಫೋನು ಮಾಡಿ ಸೋರಿತು ಅಂದರು. ಆತ ನಕ್ಕನಂತೆ, ಬಿಡ್ರಿ ಉಸ್ತಾದ್, ಮಾತಿಗೆ ಅಂದದ್ದು ಯಾರು ಹಿಡೀತಾರ ಎಂದನಂತೆ. ಇವರು ಹಿಡಿದರು. ರಾಡನ್ನು ಒರೆಸಿ ನನ್ನ ಮುಂದೆ ಇಟ್ಟು, ಬಾಗಿಲ ಹತ್ತಿರದ ಕುರ್ಚಿಗೆ ಹೋಗಿ ಕೂತರು. ಕುಲುಮೆ ಉರಿಯುತ್ತಿತ್ತು, ಹೊರಗೆ ಮೂರು ಲಾರಿ ಕಾದು ನಿಂತಿದ್ದವು. ನಾನು ರಾಡು ಎತ್ತಿಕೊಂಡೆ. ಹಿಡಿ ನನ್ನ ಬೆರಳಿಗೆ ಹೊಂದಲಿಲ್ಲ. ಈಗಲೂ ಪೂರ್ತಿ ಹೊಂದಿಲ್ಲ.

ಅವತ್ತಿನಿಂದ ನಾವು ಮಾಡುವ ಪ್ರತಿ ರೇಡಿಯೇಟರಿನ ಸಂದಿಯ ಪಕ್ಕ ಕೆಂಪು ಬಣ್ಣದಲ್ಲಿ ಬರೆಯುತ್ತೇನೆ: ಇದು ಮುರಿದಿಲ್ಲ, ಬೆಸೆಯಬೇಡಿ. ಅವು ವರ್ಷ ದಾಟಿ ಬಾಳುತ್ತಿವೆ. ಗ್ಯಾರಂಟಿ ಮಾತ್ರ ಯಾರಿಗೂ ಇಲ್ಲ.

ಹೋದ ವಾರ ಆ ಕಾರ್ಖಾನೆಯಿಂದ ಮತ್ತೊಂದು ಪತ್ರ ಬಂತು. ನಮ್ಮ ರೇಡಿಯೇಟರ್ ಒಂದನ್ನು ಎಲ್ಲೋ ನೋಡಿದರಂತೆ, ಬಂದು ಸೇರಿ ಎಂದು ಮತ್ತೆ ಕರೆದಿದ್ದರು. ಉಸ್ತಾದರ ಕುರ್ಚಿಯ ಮೇಲೇ ಅದನ್ನು ಬಿಟ್ಟು ಊಟಕ್ಕೆ ಹೋಗಿದ್ದೆ. ತಿರುಗಿ ಬರುವಾಗ ಅಂಗಡಿಯೊಳಗೆ ಯಾರೋ ಫೋನಿನಲ್ಲಿ ನನ್ನ ಹಾಗೆ ಮಾತಾಡುತ್ತಿದ್ದರು. ಮಾತು ಸರಸರ, ಕೊನೆಗೊಂದು ಕುಹಕದ ನಗೆ. ಸಿರುಗುಪ್ಪದ ಮಾಲೀಕನೇ ಇರಬೇಕು ಆ ಕಡೆ.

"ನಾ ಎಲ್ಲಿ ಹೋಗ್ಲಿರಿ," ಅನ್ನುತ್ತಿದ್ದರು ಉಸ್ತಾದರು ನನ್ನ ದನಿಯಲ್ಲಿ. "ಇಲ್ಲೇ ಅದೀನಿ."

ಅನುಕರಣೆ ಅಷ್ಟೇನೂ ಚೆನ್ನಾಗಿರಲಿಲ್ಲ, ಮೊದಲಿಗೆ ಬರುವ ಆ ಗಾಳಿ ಬಿಟ್ಟಿರಲಿಲ್ಲ. ಆದರೂ ಆ ಕಡೆಯವರು ನಂಬಿದಂತಿತ್ತು. ನಾನು ಹೊಸ್ತಿಲಲ್ಲಿ ಸ್ವಲ್ಪ ಹೊತ್ತು ನಿಂತೆ. ಆಮೇಲೆ ಒಳಗೆ ಹೋಗಿ, ಅರ್ಧಕ್ಕೆ ಕೊಯ್ದು ಬಿಟ್ಟಿದ್ದ ಪಟ್ಟಿಗೆ ಗರಗಸ ಇಟ್ಟೆ.