ಹೂಂ ಅನ್ನುವವಳ ಜಾಗ

ಎಪ್ಪತ್ತರ ದಶಕದ ನಡುವಿನ ಮಾತು. ಗುಡಗೇರಿ ಸ್ಟೇಷನ್ನಿನ ಹಿಂದಿದ್ದ ಮೆಣಸಿನಕಾಯಿ ವಖಾರಿಯಲ್ಲಿ ನಾನು ಗುಮಾಸ್ತ. ಹೆಣ್ಣುಮಕ್ಕಳು ನೆಲದ ಮೇಲೆ ಗುಂಪಾಗಿ ಕೂತು ಕಾಯಿಯ ತೊಟ್ಟು ಮುರಿಯುತ್ತಿದ್ದರು. ಸೀನು, ಕೆಮ್ಮು, ನಡುನಡುವೆ ಮುಪ್ಪಿನ ಆಯಿಯೊಬ್ಬಳ ಕಥೆ. ನಮ್ಮ ಕಡೆ ಕಥೆ ಹೇಳಬೇಕಾದರೆ ಹೂಂ ಅನ್ನಲು ಒಬ್ಬರು ಬೇಕೇ ಬೇಕು. ಇಲ್ಲದಿದ್ದರೆ ಕಥೆ ದಾರಿ ತಪ್ಪುತ್ತದೆ ಅಂತ ನನ್ನ ಅಜ್ಜಿಯೂ ಹೇಳುತ್ತಿದ್ದಳು. ಆಯಿಗೆ ಹೂಂ ಅನ್ನುತ್ತಿದ್ದವಳು ಅವಳ ಓಣಿಯದೇ ಒಬ್ಬ ಹೆಂಗಸು. ಮಗಳು ಬಾಣಂತನದಲ್ಲಿ ತೀರಿಕೊಂಡ ಮೇಲೆ ಆಕೆ ಎಲ್ಲರೊಡನೆ ಮಾತು ಬಿಟ್ಟಿದ್ದಳು. ಆ ಒಂದು ಹೂಂ ಮಾತ್ರ ಉಳಿದಿತ್ತು.

ಆಳುಗಳಿಂದ ಕೆಲಸ ತೆಗೆಯುವುದನ್ನು ಕಲಿಯಲೆಂದು ಸಾಹುಕಾರರು ನನ್ನನ್ನು ಹುಬ್ಬಳ್ಳಿಗೆ ತರಬೇತಿಗೆ ಕಳಿಸಿದರು. ಅಲ್ಲಿ ಕೋಟು ಹಾಕಿದವರೊಬ್ಬರು ಮನುಷ್ಯ ಸ್ವಭಾವವನ್ನು ಬೋರ್ಡಿನ ಮೇಲೆ ಬರೆದೇ ತೋರಿಸಿದರು. ಒಂದು ಸಿದ್ಧಾಂತದ ಪ್ರಕಾರ ಮನುಷ್ಯ ಹುಟ್ಟಾ ಮೈಗಳ್ಳ, ಕಣ್ಣಿಟ್ಟರಷ್ಟೇ ದುಡಿಯುತ್ತಾನೆ. ಇನ್ನೊಂದರ ಪ್ರಕಾರ, ನಂಬಿದರೆ ತಾನಾಗಿ ದುಡಿಯುತ್ತಾನೆ. ನನಗೆ ಎರಡನೆಯದು ಹಿಡಿಸಿತು, ಸಾಹುಕಾರರಿಗೆ ಮೊದಲನೆಯದು. ವಖಾರಿ ಅವರದು.

ಸುಣ್ಣದಿಂದ ನೆಲದ ಮೇಲೆ ಚೌಕ ಎಳೆದೆ. ಒಬ್ಬೊಬ್ಬರಿಗೆ ಒಂದೊಂದು, ಮುಖ ಗೋಡೆಗೆ.

“ಏನ್ ತಮ್ಮಾ, ಕುಂಟಬಿಲ್ಲಿ ಆಡಸ್ತಿ ಏನ್ ನಮಗ?” ಎಂದಳು ಆಯಿ. ಎಲ್ಲರೂ ನಕ್ಕರು.

“ಮಾತಾಡಿದ್ರ ಕೆಲಸ ಕೆಡ್ತದ, ಆಯಿ.”

“ಬಾಯಿ ಮುಚ್ಚಿದ್ರ ಕೈ ಜೋರ ಆಗ್ತಾವೇನು? ಯಾವ ಶಾಣ್ಯಾ ಹೇಳಿದ್ನಪಾ ನಿನಗ?”

ಆಯಿಯ ಚೌಕ ಈ ತುದಿಗೆ ಬಿತ್ತು, ಹೂಂ ಅನ್ನುವವಳದು ಆ ತುದಿಗೆ. ಕಥೆ ನಿಂತಿತು. ಚೀಲಗಳು ಬೇಗ ತುಂಬಿದವು, ಸಾಹುಕಾರರು ಬೆನ್ನು ತಟ್ಟಿದರು. ಸಂಜೆ ಮನೆಗೆ ಹೋಗಿ ನಾನು ಕಾದಂಬರಿ ಓದುತ್ತಿದ್ದೆ. ಒಳಗೊಳಗೇ ಬೇಯುವ ಹೆಂಗಸರ ಕಥೆ ಓದಿ ಪುಟ ಒದ್ದೆಯಾಗುವಂತೆ ಅತ್ತವನು ನಾನು. ವಖಾರಿಯ ಆ ತುದಿಯಲ್ಲಿ ಒಬ್ಬಳ ಕಡೆಯ ಮಾತೂ ನಿಂತುಹೋದದ್ದು ನನಗೆ ತಿಳಿಯಲಿಲ್ಲ.

ಮೂರನೆಯ ವಾರ ಆಕೆ ಕೆಲಸಕ್ಕೆ ಬರಲಿಲ್ಲ. ನಾಲ್ಕು ದಿನ ನೋಡಿ, ಆಯಿಯನ್ನು ಕರೆದುಕೊಂಡು ಅವಳ ಮನೆಗೆ ಹೋದೆ. ಗೋಡೆಗೆ ಮುಖ ಮಾಡಿ ಕೂತಿದ್ದಳು, ನಾನು ಕೂರಿಸಿದ ಹಾಗೆಯೇ.

“ಗಂಜಿ ಸೈತ ಮುಟ್ಟವಲ್ಲಳ್ರಿ,” ಎಂದ ಗಂಡ.

“ಆಯಿ, ಕಥಿ ಹೇಳು,” ಎಂದೆ.

ಆಯಿ ಆಕೆಯ ಬಾಜೂ ಕೂತು ಬಿಟ್ಟಲ್ಲಿಂದಲೇ ಎತ್ತಿಕೊಂಡಳು. ರಾಜನ ಕಿರಿಯ ಸೊಸೆ ಬಾವಿಕಟ್ಟೆಯ ಮೇಲೆ ಕೂತಿದ್ದಾಳೆ, ಕೊಡ ಒಳಗೆ ಬಿದ್ದಿದೆ. ಒಂದೊಂದು ಮಾತಿಗೂ ನಿಂತು, ಹೂಂ ಬರುವಷ್ಟು ಜಾಗ ಬಿಟ್ಟಳು. ಬರಲಿಲ್ಲ. ಮತ್ತೆ ಹೇಳಿದಳು, ಮತ್ತೆ ನಿಂತಳು. ತಡೆಯಲಾಗದೆ ನಾನೇ ಅಂದೆ:

“ಹೂಂ.”

ಆಯಿ ನನ್ನ ಕಡೆ ತಿರುಗಿದಳು. ಮುಖದಲ್ಲಿ ಸಿಟ್ಟಿದ್ದರೆ ಚೆನ್ನಾಗಿತ್ತು.

“ನೀ ಅನಬ್ಯಾಡ ತಮ್ಮಾ. ಅದು ಆಕಿ ಜಾಗಾ.”

ಆಕೆ ಮುಂದಿನ ಅಮಾವಾಸ್ಯೆ ದಾಟಲಿಲ್ಲ. ಬಾವಿಕಟ್ಟೆಯ ಮೇಲಿನ ಸೊಸೆಗೆ ಮುಂದೇನಾಯಿತು ಎಂದು ಆಯಿಯನ್ನು ಕೇಳುವ ಧೈರ್ಯ ನನಗೆ ಆಗಲಿಲ್ಲ.