ಹದಿನೆಂಟು ಸಾವಿರದ ಹೆಂಗಸು

ಆಸ್ಪತ್ರೆಯ ಹೊದಿಕೆ, ಹೋಟೆಲಿನ ಟವೆಲ್ಲು, ಡಾಕ್ಟರುಗಳ ಬಿಳಿ ಕೋಟು ಎಲ್ಲ ರಾಶಿ ರಾಶಿಯಾಗಿ ಬಂದು ಬೀಳುವ ಆ ಲಾಂಡ್ರಿಯಲ್ಲಿ ಅವಳನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಇಸ್ತ್ರಿ ಮೇಜಿನವಳು ಎಂದು ಶುರುವಾದದ್ದು, ಬಾಯಿಗೆ ಉದ್ದವಾಯಿತೆಂದು ಬರೀ ಇಸ್ತ್ರಿ ಎಂದು ನಿಂತಿತ್ತು. "ಏ ಇಸ್ತ್ರೀ, ಸ್ವಿಚ್ ಆರಿಸಿದ್ಯಾ?" ಎಂದು ಯಾರಾದರೂ ಕೂಗಿದರೆ ಹೊಸಬರು ಕಿಸಕ್ಕನೆ ನಗುತ್ತಿದ್ದರು. ಅವಳೂ ನಗುತ್ತಿದ್ದಳು. ಇಪ್ಪತ್ತೊಂಬತ್ತು ವರ್ಷ. ಗಂಡ ಕಣ್ಣು ಮುಚ್ಚಿ ಮೂರು ವರ್ಷ. ಮನೆಯಲ್ಲಿ ಅತ್ತೆ, ನಾಲ್ಕು ವರ್ಷದ ಮಗಳು. ತಿಂಗಳಿಗೆ ಒಂಬತ್ತು ಸಾವಿರ ಸಂಬಳ, ಅದೂ ಕೈಗೆ ನಗದು.

ಅವಳ ಓದು ಮತ್ತೆ ಶುರುವಾದದ್ದು ಕೋಟುಗಳ ಜೇಬಿನಿಂದ. ಕೋಟುಗಳನ್ನು ನೀರಿಗೆ ಹಾಕುವ ಮುಂಚೆ ಜೇಬು ತಡವುವುದೂ ಅವಳದೇ ಕೆಲಸ. ಪೆನ್ನು ಉಳಿದರೆ ಶಾಯಿ ಕರಗಿ ಕೋಟು ಹಾಳು. ಪೆನ್ನಿನ ಜೊತೆ ರಕ್ತಪರೀಕ್ಷೆಯ ಚೀಟಿಗಳೂ ಸಿಗುತ್ತಿದ್ದವು. ಹನ್ನೆರಡನೇ ತರಗತಿಯಲ್ಲಿ ವಿಜ್ಞಾನ ಓದಿ ಒಳ್ಳೆಯ ಅಂಕ ತೆಗೆದು, ಮದುವೆಯಾಗಿ ಪುಸ್ತಕ ಮುಚ್ಚಿದವಳು. ಆ ಚೀಟಿಗಳ ಅಂಕಿಗಳನ್ನು ಬಿಸಿ ಇಸ್ತ್ರಿಯ ಪಕ್ಕದಲ್ಲೇ ಇಟ್ಟುಕೊಂಡು ಓದುತ್ತಿದ್ದಳು. ಇವರಿಗೆ ಸಕ್ಕರೆ ಜಾಸ್ತಿ, ಇವರಿಗೆ ರಕ್ತ ಕಮ್ಮಿ, ಅಯ್ಯೋ ಈ ಮಗುವಿಗೆ ಏನಾಯಿತು ಪಾಪ, ಎಂದುಕೊಳ್ಳುತ್ತ ತೋಳು ಮಡಚಿ, ಕಾಲರು ಎತ್ತಿ, ಮುಂದಿನ ಕೋಟು. ಒಂದು ದಿನ ಚೀಟಿಗಳನ್ನು ವಾಪಸು ಕೊಡಲು ಆಸ್ಪತ್ರೆಯ ಪ್ರಯೋಗಾಲಯಕ್ಕೆ ಹೋಗಿ, ಇವರಿಗೆ ಸಕ್ಕರೆ ಜಾಸ್ತಿ, ಇವರಿಗೆ ರಕ್ತ ಕಮ್ಮಿ ಎನ್ನುತ್ತಲೇ ಕೊಟ್ಟಾಗ ಅಲ್ಲಿದ್ದ ಹೆಂಗಸು ಕಣ್ಣರಳಿಸಿ, "ಇದನ್ನೆಲ್ಲ ನೀವು ಓದ್ತೀರಾ? ಇದಕ್ಕೇ ಮೂರು ವರ್ಷದ ಕೋರ್ಸ್ ಇದೆ. ಓದು ನಿಲ್ಲಿಸಿದ ಹೆಂಗಸರಿಗೆ ಸರ್ಕಾರ ಫೀಸೂ ಕಟ್ಟುತ್ತೆ, ತಿಂಗಳ ಖರ್ಚಿಗೂ ಕೊಡುತ್ತೆ. ಮೂವತ್ತರೊಳಗೆ ಅರ್ಜಿ ಹಾಕಬೇಕು ಅಷ್ಟೆ" ಎಂದಳು.

ಅಷ್ಟು ಸಾಕಾಯಿತು. ಐದು ತಿಂಗಳು ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಓದಿ ಪ್ರವೇಶ ಪರೀಕ್ಷೆ ಬರೆದಳು. ಅರವತ್ತು ಸೀಟಿಗೆ ನಲವತ್ತೊಂದನೆಯವಳಾಗಿ ಬಂದಳು. ಕಾಲೇಜಿನವರು ಅಂಕಪಟ್ಟಿಯ ಮೂಲಪ್ರತಿ ಇಟ್ಟುಕೊಂಡು, ತಿಂಗಳೊಳಗೆ ಫೀಸು ಕಟ್ಟಿ ಅಥವಾ ಸಹಾಯಧನದ ಮಂಜೂರಾತಿ ತನ್ನಿ ಎಂದರು.

ಅತ್ತೆ ಮೂಗು ಮುರಿದಳು. "ನಲವತ್ತೊಂದನೆಯವಳಂತೆ! ನಲವತ್ತು ಜನ ಮುಂದೆ ಇದ್ದಾರೆ, ಅದಕ್ಕೆ ಇಷ್ಟು ಹಿಗ್ಗು."

"ಹಿಂದೆ ಎರಡು ಸಾವಿರ ಜನ ಇದ್ದಾರೆ, ಅತ್ತೆ."

"ಹಿಂದಿರೋರು ಯಾರಾದ್ರೂ ಬಂದು ನಮ್ಮ ಒಲೆ ಹಚ್ತಾರಾ?" ಎಂದಳು ಅತ್ತೆ. ಆದರೂ ಆ ದಿನ ಮೊಮ್ಮಗಳ ತಲೆ ಬಾಚುತ್ತ, "ನಿಮ್ಮಮ್ಮ ಇನ್ಮೇಲೆ ಸೂಜಿ ಚುಚ್ಚೋ ಅಮ್ಮ. ಹಟ ಮಾಡಿದ್ರೆ ಚುಚ್ಚಿಬಿಡ್ತಾಳೆ ನೋಡು" ಎಂದು ಹೆದರಿಸಿದ್ದೂ ಅವಳೇ.

ಸಹಾಯಧನಕ್ಕೆ ಸಂಬಳದ ಸರ್ಟಿಫಿಕೇಟ್ ಬೇಕಿತ್ತು. ವರ್ಷದ ಆದಾಯ ಎರಡು ಲಕ್ಷದೊಳಗೆ ಇರಬೇಕು. ಅವಳದು ಒಂದು ಲಕ್ಷ ಚಿಲ್ಲರೆ. ಚಿಂತೆ ಮಾಡುವ ಮಾತೇ ಇರಲಿಲ್ಲ.

ಲಾಂಡ್ರಿಯ ಯಜಮಾನರು ಸರ್ಟಿಫಿಕೇಟ್ ಕೊಡುವುದರಲ್ಲಿ ಧಾರಾಳಿ. ಸಂಬಳ ಹೆಚ್ಚಿಸಿ ಎಂದರೆ ಕಿವಿ ಕೇಳುತ್ತಿರಲಿಲ್ಲ, ಸರ್ಟಿಫಿಕೇಟಿಗೆ ಮಾತ್ರ ಯಾವತ್ತೂ ಇಲ್ಲ ಎಂದವರಲ್ಲ. ಕೆಲಸದವರು ಸಹಕಾರ ಸಂಘದಲ್ಲಿ ಸಾಲ ಎತ್ತಬೇಕಾದಾಗಲೆಲ್ಲ ಅವರು ಸಂಬಳವನ್ನು ಎರಡರಷ್ಟು ಮಾಡಿ ಬರೆಯುತ್ತಿದ್ದರು. ಸಂಬಳ ದೊಡ್ಡದಿದ್ದಷ್ಟೂ ಸಾಲ ದೊಡ್ಡದು. ಕೈಯಿಂದ ಕಾಸು ಬಿಚ್ಚದೆ ಪುಣ್ಯ ಕಟ್ಟಿಕೊಳ್ಳುವ ದಾರಿ ಅದು. ಹಾಗೆ ಬರೆದದ್ದನ್ನು ಕವರಿಗೆ ಹಾಕಿ, ಅಂಟಿಸಿ, ಅಂಟಿನ ಮೇಲೆ ಸೀಲು ಒತ್ತಿ ಕೊಡುತ್ತಿದ್ದರು. ಅದನ್ನು ತೆರೆದು ನೋಡುವುದೆಂದರೆ ಯಜಮಾನರನ್ನು ನಂಬಲಿಲ್ಲ ಎಂದ ಹಾಗೆ. ಬಟ್ಟೆ ಮಡಚುವ ಅಕ್ಕನ ಮನೆಗೆ ಚಾವಣಿ ಬಂದದ್ದು ಅಂಥದೊಂದು ಕವರಿನಿಂದ. ಒಟ್ಟು ಆರು ಜನ ಹಾಗೆ ಸಾಲ ತೆಗೆದಿದ್ದರು.

"ಯಜಮಾನ್ರೇ, ಓದೋದಕ್ಕೆ ದುಡ್ಡು ಸಿಗುತ್ತೆ, ಸಂಬಳದ ಸರ್ಟಿಫಿಕೇಟ್ ಬೇಕು" ಎಂದು ಅವಳು ಕೇಳಿದಳು.

"ಓದ್ತೀಯಾ? ಭೇಷ್! ನಮ್ಮ ಲಾಂಡ್ರಿಗೂ ಒಂದು ಮರ್ಯಾದೆ ಬರಲಿ" ಎಂದು ಯಜಮಾನರು ಅಲ್ಲೇ ಕೂತು ಬರೆದು, ಅಂಟಿಸಿ, ಸೀಲು ಒತ್ತಿ ಕೊಟ್ಟರು. ಅರ್ಜಿಯಲ್ಲಿ ಆದಾಯದ ಜಾಗದಲ್ಲಿ 'ಲಗತ್ತಿಸಿದ ಪ್ರಮಾಣಪತ್ರದ ಪ್ರಕಾರ' ಎಂದು ಬರೆಯಬೇಕು ಎಂದು ಅರ್ಜಿಯ ಮೇಲೇ ಅಚ್ಚಾಗಿತ್ತು. ಅವಳು ಹಾಗೇ ಬರೆದಳು. ಕೆಳಗೆ, 'ಮೇಲಿನದೆಲ್ಲ ಸತ್ಯ' ಎಂಬ ಸಾಲಿನಡಿ ಸಹಿ ಮಾಡಿ, ಕವರನ್ನು ತೆರೆಯದೆ ಹಾಗೇ ಕೊಟ್ಟು ಬಂದಳು.

ಎರಡು ವಾರಕ್ಕೆ ಕರೆ ಬಂತು. ಸಹಾಯಧನದ ಕಚೇರಿಯ ಕಿಟಕಿಯಾಚೆ ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡ ಗುಮಾಸ್ತೆ ಕಡತ ತಿರುಗಿಸಿ ತೋರಿಸಿದಳು.

"ನಿಮ್ಮದು ತಿರಸ್ಕಾರ ಆಗಿದೆ. ತಿಂಗಳಿಗೆ ಹದಿನೆಂಟು ಸಾವಿರ. ವರ್ಷಕ್ಕೆ ಎರಡು ಲಕ್ಷದ ಹದಿನಾರು ಸಾವಿರ."

"ಯಾರದ್ದು?"

"ನಿಮ್ಮದೇ. ನಮ್ಮ ಕಚೇರಿ ಜವಾನನಿಗಿಂತ ಜಾಸ್ತಿ. ಬಡವರಿಗೆ ಇಟ್ಟಿರೋ ದುಡ್ಡಿಗೆ ನಿಮ್ಮಂಥೋರು ಯಾಕಮ್ಮ ಕೈ ಚಾಚ್ತೀರಿ?"

ಹಿಂದೆ ಸಾಲಿನಲ್ಲಿದ್ದವರು ಅವಳನ್ನು ಮೇಲಿಂದ ಕೆಳಗೆ ನೋಡಿದರು. ಹದಿನೆಂಟು ಸಾವಿರದ ಹೆಂಗಸಿನ ಚಪ್ಪಲಿಗೆ ತಂತಿಯ ಹೊಲಿಗೆ ಬಿದ್ದಿತ್ತು. ಆಕ್ಷೇಪಣೆ ಇದ್ದರೆ ಏಳು ದಿನದೊಳಗೆ ಬರೆದು ಕೊಡಬಹುದು ಎಂದು ಗುಮಾಸ್ತೆ ಮುಂದಿನವರನ್ನು ಕರೆದಳು.

ಅವಳು ನೇರ ಯಜಮಾನರ ಮುಂದೆ ಹೋಗಿ ನಿಂತಳು. ಅವರು ಮೊದಲು ನಕ್ಕರು. "ಅಯ್ಯೋ, ಸಾಲಕ್ಕೆ ಅಂದ್ಕೊಂಡೆ ಕಣಮ್ಮ. ಸರ್ಟಿಫಿಕೇಟ್ ಕೇಳೋರೆಲ್ಲ ಸಾಲಕ್ಕೆ ತಾನೇ ಕೇಳೋದು? ಕೈ ತಾನಾಗೇ ಬರೆದುಬಿಡ್ತು."

"ಹಾಗಾದ್ರೆ ಸರಿಯಾದ್ದು ಇನ್ನೊಂದು ಬರ್ಕೊಡಿ."

ನಗು ನಿಂತಿತು. "ಒಂದು ತಿಂಗಳಲ್ಲಿ ಒಬ್ಬಳಿಗೇ ಎರಡು ಸಂಬಳ ಬರೆದರೆ ನನ್ನ ಸೀಲಿಗೆ ಏನು ಬೆಲೆ? ಯಾವುದು ಸುಳ್ಳು ಅಂತ ಕೇಳ್ತಾರೆ. ಒಂದನ್ನ ಕೆದಕಿದ್ರೆ ಉಳಿದ ಆರನ್ನೂ ಕೆದಕ್ತಾರೆ. ನಿನ್ನೊಬ್ಬಳ ಓದಿಗೆ ಆರು ಸಂಸಾರ ಬೀದಿಗೆ ಬರಬೇಕಾ?" ಆಮೇಲೆ ದನಿ ತಗ್ಗಿಸಿ, ದೊಡ್ಡ ಉಪಕಾರ ಮಾಡುವವರಂತೆ, "ಸಹಾಯಧನ ಹೋದ್ರೆ ಹೋಗ್ಲಿ. ಸಂಘದಲ್ಲಿ ಸಾಲ ತಗೋ. ನನ್ನ ಕವರು ಅಲ್ಲಿ ನಡೆಯುತ್ತೆ" ಎಂದರು.

ಅದನ್ನೂ ನೋಡಿಬಿಡೋಣ ಎಂದು ಸಂಘಕ್ಕೂ ಹೋದಳು. ಕಾರ್ಯದರ್ಶಿ ಒಳ್ಳೆಯ ಮನುಷ್ಯ, ಕೂರಲು ಕುರ್ಚಿ ಕೊಟ್ಟ. "ಮನೆಗೆ ಕೊಡ್ತೀವಿ, ಹೊಲಿಗೆ ಯಂತ್ರಕ್ಕೆ ಕೊಡ್ತೀವಿ. ಓದಿಗೆ ಇಲ್ಲ, ಅಕ್ಕ. ಕಂತು ತಪ್ಪಿದ್ರೆ ಮನೆಗೆ ಬೀಗ ಹಾಕಬಹುದು, ಯಂತ್ರ ಹೊತ್ಕೊಂಡು ಬರಬಹುದು. ನಿಮ್ಮ ತಲೆಯಲ್ಲಿರೋದನ್ನ ನಾನು ಎಲ್ಲಿಂದ ಎತ್ಕೊಂಡು ಬರಲಿ?" ತನ್ನ ಮಾತು ತನಗೇ ಇಷ್ಟವಾಗಿ ಪಕ್ಕದ ಮೇಜಿನವನಿಗೂ ಅದನ್ನೇ ಇನ್ನೊಂದು ಸಲ ಹೇಳಿದ. ಬ್ಯಾಂಕಿನಲ್ಲಿ ಆಸ್ತಿ ಇರುವ ಜಾಮೀನುದಾರರು ಬೇಕೆಂದರು. ಅವಳ ಬಳಗದಲ್ಲಿ ಆಸ್ತಿ ಎಂದರೆ ಅತ್ತೆಯ ಕಿವಿಯೋಲೆ. ಅದೂ ಒಂದೇ ಉಳಿದಿತ್ತು.

ನಾಲ್ಕನೇ ದಿನ ಮಧ್ಯಾಹ್ನ ಊಟದ ಹೊತ್ತಿಗೆ ಮಡಚುವ ಅಕ್ಕ ಅವಳ ಪಕ್ಕ ಬಂದು ಕೂತಳು. ಗಂಡ ಸತ್ತ ದಿನ ಅವಳ ಕೈ ಬಿಡದೆ ಹಿಡಿದು ಕೂತಿದ್ದವಳು ಈ ಅಕ್ಕ. ಮಗುವಿಗೆ ಜ್ವರ ಬಂದಾಗ ತನ್ನ ರಜೆ ಹಾಕಿ ನೋಡಿಕೊಂಡವಳು.

"ಬರೆದು ಕೊಡ್ತೀಯಂತೆ?"

"ಇನ್ನೂ ಇಲ್ಲ, ಅಕ್ಕ."

"ಇನ್ನೂ ಇಲ್ಲ ಅಂದ್ರೆ ಕೊಡ್ತೀನಿ ಅಂತ. ನನ್ನ ಚಾವಣಿ ಆ ಕಾಗದದ ಮೇಲೆ ನಿಂತಿದೆ ಕಣೇ. ಇನ್ನೂ ಎರಡು ವರ್ಷದ ಕಂತಿದೆ. ಒಟ್ಟಿಗೆ ಕಟ್ಟು ಅಂದ್ರೆ ನಾನೆಲ್ಲಿ ಸಾಯಲಿ?"

"ನಾನು ನಿನ್ನ ಹೆಸರು ಎತ್ತಲ್ಲ."

"ನೀನು ಎತ್ತೋದು ಬೇಡ. ಅದರ ಮೇಲಿರೋದು ಒಂದೇ ಸೀಲು. ಇಸ್ತ್ರಿ ಹಾಕ್ಕೊಂಡೇ ಇದ್ರೆ ಏನು ಕಮ್ಮಿಯಾಗುತ್ತೆ ನಿನಗೆ? ನಾವೆಲ್ಲ ಬದುಕ್ತಿಲ್ವಾ?"

ಆ ರಾತ್ರಿ ಅವಳು ಲೆಕ್ಕ ಹಾಕಿದಳು. ಹಣದ್ದಲ್ಲ, ವಯಸ್ಸಿನದ್ದು. ಎಂಟು ತಿಂಗಳಿಗೆ ಮೂವತ್ತು ತುಂಬುತ್ತದೆ. ಮುಂದಿನ ವರ್ಷದ ಅರ್ಜಿ ಹೊತ್ತಿಗೆ ಬಾಗಿಲು ಮುಚ್ಚಿರುತ್ತದೆ. ಚಾವಣಿ ಸಾಲ ಹೇಗೋ ತೀರಬಹುದು, ನಾನು ಓದಿ ದುಡಿದು ನಾನೇ ಸ್ವಲ್ಪ ಕಟ್ಟಿಕೊಡಬಹುದು ಎಂದೂ ಅಂದುಕೊಂಡಳು. ಮಲಗಿದ್ದ ಮಗಳ ಉಗುರು ಕತ್ತರಿಸುತ್ತ, ಹೀಗೆ ಅಂದುಕೊಳ್ಳುವುದು ಎಷ್ಟು ಸುಲಭ ಎಂದು ಅವಳಿಗೇ ಹೇಸಿಗೆಯಾಯಿತು. ಆದರೂ ಏಳನೇ ದಿನ ಅರ್ಧ ರಜೆ ಹಾಕಿ ಹೋದಳು. ಗುಂಡು ಗುಂಡು ಅಕ್ಷರದಲ್ಲಿ ಬರೆದಿದ್ದಳು: ನನ್ನ ನಿಜವಾದ ಸಂಬಳ ಒಂಬತ್ತು ಸಾವಿರ. ಪ್ರಮಾಣಪತ್ರದಲ್ಲಿ ಇರುವುದು ತಪ್ಪು. ದಯವಿಟ್ಟು ವಿಚಾರಿಸಿ ನ್ಯಾಯ ಕೊಡಿ.

ಗುಮಾಸ್ತೆ ಎರಡು ಸಲ ಓದಿದಳು. ಈ ಸಲ ದನಿಯಲ್ಲಿ ವ್ಯಂಗ್ಯ ಇರಲಿಲ್ಲ, ಅದಕ್ಕೇ ಇವಳಿಗೆ ಹೆದರಿಕೆಯಾಯಿತು.

"ಅಂದ್ರೆ ನೀವು ಕೊಟ್ಟಿದ್ದು ಸುಳ್ಳು ದಾಖಲೆ ಅಂತ ನೀವೇ ಬರೆದು ಕೊಡ್ತಿದ್ದೀರಿ."

"ನಾನಲ್ಲ ಮೇಡಂ, ಯಜಮಾನ್ರು ಬರೆದಿದ್ದು. ನಾನು ತೆರೆದೇ ನೋಡಿಲ್ಲ."

"ಸಹಿ?"

"ಸಹಿ ನಂದೇ."

"ಮೇಲಿನದೆಲ್ಲ ಸತ್ಯ ಅಂತ ಸಹಿ ಹಾಕಿದ್ದೀರಿ. ಈಗ ಸುಳ್ಳು ಅಂತಿದ್ದೀರಿ. ಸುಳ್ಳು ದಾಖಲೆ ಕೊಟ್ಟೋರಿಗೆ ಮೂರು ವರ್ಷ ಯಾವ ಸಹಾಯಧನಕ್ಕೂ ಅವಕಾಶ ಇಲ್ಲ. ಮೊದಲಿನ ಹಾಗೇ ಬಿಟ್ಟಿದ್ರೆ ಬರೀ ತಿರಸ್ಕಾರ ಆಗ್ತಿತ್ತು."

"ಸಂಬಳ ಕಮ್ಮಿ ತೋರಿಸಿ ಮೋಸ ಮಾಡಿದ್ರೆ ಸರಿ. ಜಾಸ್ತಿ ತೋರಿಸಿ ನಾನೇನು ಲಾಭ ಮಾಡ್ಕೊಂಡೆ ಹೇಳಿ!"

"ನಿಯಮದಲ್ಲಿ ಜಾಸ್ತಿ ಕಮ್ಮಿ ಅಂತಿಲ್ಲ, ಸುಳ್ಳು ಅಂತಿದೆ" ಎಂದಳು ಗುಮಾಸ್ತೆ.

"ಆ ಪತ್ರ ವಾಪಸು ಕೊಟ್ಟುಬಿಡಿ. ನಾನು ಏನೂ ಬರೆದಿಲ್ಲ ಅಂದ್ಕೊಳ್ಳಿ."

ಗುಮಾಸ್ತೆ ಆಗಲೇ ದಿನಾಂಕದ ಸೀಲು ಒತ್ತಿದ್ದಳು. "ಮೂರು ವರ್ಷ ಬಿಟ್ಟು ಬನ್ನಿ" ಎಂದಳು.

"ಮೂವತ್ತರ ಮೇಲಿನೋರಿಗೆ ಇಲ್ವಲ್ಲ ಮೇಡಂ?"

"ಹೌದು" ಎಂದಳು ಗುಮಾಸ್ತೆ, ಅರ್ಜಿಯಲ್ಲಿನ ಹುಟ್ಟಿದ ದಿನಾಂಕ ನೋಡಿ. "ಅದೂ ಇದೆ."

ವಿಚಾರಣೆ ನಡೆಯಿತು. ಬೇಗನೇ ನಡೆಯಿತು. ಯಜಮಾನರು, "ಸೀಲು ಮೇಜಿನ ಮೇಲೇ ಬಿದ್ದಿರುತ್ತೆ, ಯಾರು ಯಾವಾಗ ಒತ್ತಿಕೊಂಡ್ರೋ ನನಗೇನು ಗೊತ್ತು" ಎಂದು ಹೇಳಿ ಕೈ ತೊಳೆದುಕೊಂಡರು. ಅದೇ ಸೀಲಿನ ಕಾಗದ ಇನ್ನೆಲ್ಲಿವೆ ಎಂದು ಹುಡುಕುತ್ತ ವಿಚಾರಣೆ ಸಂಘದವರೆಗೂ ಹೋಯಿತು. ಸಂಘದವರು ಆರೂ ಜನರಿಗೆ ಬಾಕಿಯನ್ನೆಲ್ಲ ಒಂದೇ ತಿಂಗಳಲ್ಲಿ ಕಟ್ಟಿ ಎಂದು ನೋಟಿಸು ಕಳಿಸಿದರು. ಅವಳನ್ನು ಕೆಲಸದಿಂದ ತೆಗೆಯಲಿಲ್ಲ. ಗಂಟೆಗೆ ಅಷ್ಟು ಕೋಟು ಮುಗಿಸುವ ಕೈ ಇನ್ನೊಂದು ಇರಲಿಲ್ಲ. ಆದರೆ ಊಟದ ಜಾಗದಲ್ಲಿ ಅವಳು ಕೂತರೆ ಉಳಿದವರು ಎದ್ದು ಬಾಯ್ಲರಿನ ಕಡೆ ಹೋಗುತ್ತಿದ್ದರು. ಅಲ್ಲಿ ಸೆಕೆಗೆ ಬೆವರುತ್ತ ಉಣ್ಣುತ್ತಿದ್ದರೇ ಹೊರತು ಇತ್ತ ಬರುತ್ತಿರಲಿಲ್ಲ.

ಮಡಚುವ ಅಕ್ಕ ಒಂದೇ ಸಲ ಮಾತಾಡಿದಳು. ಇಸ್ತ್ರಿಯಾದ ಕೋಟಿನ ರಾಶಿ ಎತ್ತಿಕೊಳ್ಳಲು ಬಂದವಳು, ರಾಶಿಯನ್ನೇ ನೋಡುತ್ತ, "ನಿನಗೆ ಸೀಟಾದ್ರೂ ಸಿಕ್ಕಿದ್ರೆ, ಹೋಗ್ಲಿ, ಅವಳಾದ್ರೂ ಉದ್ಧಾರವಾದ್ಳು ಅಂದ್ಕೋತಿದ್ದೆ. ಅಷ್ಟು ಸಮಾಧಾನಾನೂ ಇಟ್ಟಿಲ್ಲ ನೀನು" ಎಂದಳು. ಇವಳ ಬಾಯಿಗೆ ಬಂದದ್ದು, "ಬಿಸಿ ಇದೆ ಅಕ್ಕ, ಕೈ ಸುಟ್ಕೊಂಡೀಯ" ಎಂಬ ಮಾತೊಂದೇ.

ತಿಂಗಳ ಗಡುವಿನ ಕೊನೆಯ ದಿನ ಅವಳು ಅಂಕಪಟ್ಟಿ ಬಿಡಿಸಿಕೊಳ್ಳಲು ಕಾಲೇಜಿಗೆ ಹೋದಳು. ಜೊತೆಗೆ ಮಗಳಿದ್ದಳು. ಅತ್ತೆ ಆ ದಿನ ಹಾಸಿಗೆಯಿಂದ ಏಳಲೇ ಇಲ್ಲ. ಕಾಯಿಲೆಯೇನೂ ಇರಲಿಲ್ಲ, ಗೋಡೆ ಕಡೆ ತಿರುಗಿ ಮಲಗಿದ್ದಳು ಅಷ್ಟೆ. ಕಾಲೇಜಿನ ಕಚೇರಿಯವನು ಸೀಟು ಬಿಡುವ ನಮೂನೆ ಕೊಟ್ಟ. ಅವಳು ಬೆಂಚಿನ ಮೇಲೆ ಕೂತು ಕಾರಣದ ಜಾಗದಲ್ಲಿ ಬರೆಯತೊಡಗಿದಳು. ನಾಲ್ಕು ಸಾಲು ಬರೆದು ಜಾಗ ಸಾಲದೆ ಹಿಂಬದಿಗೆ ತಿರುಗಿಸುವಾಗ ಅವನು ಬಗ್ಗಿ ನೋಡಿದ.

"ಅಯ್ಯೋ, ಇದೇನು ಕಥೆ ಬರೀತಿದ್ದೀರಾ? ಇದನ್ನ ಕೊಟ್ರೆ ಮೇಲೆ ಕಳಿಸಬೇಕಾಗುತ್ತೆ, ಅಂಕಪಟ್ಟಿ ಎರಡು ತಿಂಗಳು ಸಿಗಲ್ಲ. 'ಸ್ವಂತ ಇಚ್ಛೆಯಿಂದ' ಅಂತ ಎರಡೇ ಪದ ಬರೀರಿ. ಎಲ್ಲರೂ ಅದನ್ನೇ ಬರೆಯೋದು." ಬೇರೆ ನಮೂನೆ ಕೊಟ್ಟು, ಹಳೆಯದನ್ನು ಹರಿದು ಬುಟ್ಟಿಗೆ ಹಾಕಿದ.

ಪಕ್ಕದಲ್ಲಿ ಹತ್ತೊಂಬತ್ತರ ಹುಡುಗಿಯೊಬ್ಬಳು ಅಪ್ಪನ ಜೊತೆ ಕಾಯುತ್ತಿದ್ದಳು. ಕಾಯುವ ಪಟ್ಟಿಯಲ್ಲಿ ಮೊದಲನೆಯವಳು. ಸೀಟು ಖಾಲಿಯಾಗುತ್ತದೆಂದು ಫೋನು ಹೋಗಿತ್ತು. ಅಪ್ಪ ಇವಳ ಕೈಯನ್ನೇ ನೋಡುತ್ತಿದ್ದ. ಹುಡುಗಿ ಮಗುವಿಗೆ ತನ್ನ ಬಳೆ ಬಿಚ್ಚಿ ಆಡಲು ಕೊಟ್ಟಿದ್ದಳು.

"ನಿಮಗೆ ಬೇರೆ ಒಳ್ಳೇ ಕಡೆ ಸಿಕ್ಕಿರಬೇಕು ಅಲ್ವಾ ಅಕ್ಕ?" ಎಂದಳು ಹುಡುಗಿ, ನಿಜವಾಗಿಯೂ ಸಂತೋಷಪಟ್ಟು.

"ಹೂಂ" ಎಂದಳು ಅವಳು. ಎರಡು ಪದ ಬರೆದಳು. ಕೆಳಗೆ ಸಹಿ ಹಾಕುವ ಮುಂಚೆ ಮೇಲಿನಿಂದ ಕೊನೆಯವರೆಗೆ ಒಂದೊಂದು ಸಾಲನ್ನೂ ಬೆರಳಿಟ್ಟು ಓದಿದಳು. ಹುಡುಗಿಯ ಅಪ್ಪ ಗಡಿಯಾರ ನೋಡಿ, "ಸ್ವಲ್ಪ ಬೇಗ ಮಾಡಮ್ಮ, ಕಚೇರಿ ಮುಚ್ಚುತ್ತೆ" ಎಂದ. ಅವಳು ಸಹಿ ಹಾಕಿ ಕಾಗದವನ್ನು ಅವನ ಕಡೆಗೇ ಚಾಚಿದಳು.